ಒಸಡಮ್ಮನ ಗಂಡನ ಹಲ್ಲು

ದಂತವೈದ್ಯದ ಕಾಲೇಜಿನಲ್ಲಿ ಹೆಚ್ಚಿನ ಓದಿಗೆ ವಿಭಾಗ ಆರಿಸಿಕೊಳ್ಳುವ ಹೊತ್ತಿಗೆ ಜೊತೆಯವರೆಲ್ಲ ಸೊಟ್ಟ ಹಲ್ಲು ನೆಟ್ಟಗಾಗಿಸುವ ವಿಭಾಗಕ್ಕೋ ದವಡೆಯ ಆಪರೇಷನ್ನಿನ ವಿಭಾಗಕ್ಕೋ ಮುಗಿಬಿದ್ದಿದ್ದರು. ಅವಳೊಬ್ಬಳು ಕೇಳಿ ಕೇಳಿ ಒಸಡಿನ ವಿಭಾಗ ಹಾಕಿಸಿಕೊಂಡಳು. ಟೈಪಿಂಗ್ ಶಾಲೆ ನಡೆಸುತ್ತಿದ್ದ ಅವಳ ಅಪ್ಪ ಸುದ್ದಿ ಕೇಳಿ ಕನ್ನಡಕವನ್ನು ಹಣೆಗೇರಿಸಿದರು.

“ಒಸಡಿಗೂ ಬೇರೆ ಡಾಕ್ಟ್ರು ಇರ್ತಾರೇನಮ್ಮ? ನಾಳೆ ನಾಲಿಗೆಗೊಬ್ರು, ತುಟಿಗೊಬ್ರು ಬರ್ತಾರೆ ಬಿಡು.”

“ದೊಡ್ಡೋರ ಹಲ್ಲು ಎಷ್ಟೋ ಸಲ ಹೋಗೋದು ಹುಳುಕಿಂದಲ್ಲಪ್ಪ, ಒಸಡಿಂದ. ನೋವಿರಲ್ಲ, ಅದಕ್ಕೆ ಯಾರಿಗೂ ಗೊತ್ತಾಗಲ್ಲ,” ಎಂದಳು ಅವಳು. ಅಪ್ಪನಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. ಮಗಳು ಡಾಕ್ಟರಾದಳಲ್ಲ, ಅಷ್ಟು ಸಾಕಿತ್ತು.

ಅವಳು ಮದುವೆಯಾದದ್ದು ಅದೇ ಕಾಲೇಜಿನಲ್ಲಿ ತನಗಿಂತ ಮುಂದೆ ಓದಿ ಹೊರಬಿದ್ದಿದ್ದವನನ್ನು. ಅಷ್ಟರಲ್ಲಾಗಲೇ ಅವನು ದೊಡ್ಡ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದ. ಎತ್ತರದ ಆಳು, ಜೋಡಿಸಿಟ್ಟಂಥ ಹಲ್ಲಿನ ಸಾಲು. ಬಾಗಿಲು ತಳ್ಳಿ ಬಂದವರಿಗೆ ಅವನಿಗಿಂತ ಮೊದಲು ಅವನ ನಗು ಕಾಣುತ್ತಿತ್ತು. ಸೂಜಿ ಕಂಡರೆ ಕುರ್ಚಿಯಿಂದ ಜಾರಿ ಓಡುವ ಮಕ್ಕಳೂ ಆ ನಗುವಿಗೆ ಮರುಳಾಗಿ ಬಾಯಿ ತೆರೆಯುತ್ತಿದ್ದರು. ಊರವರ ಬಾಯಲ್ಲಿ ಅವನು ನಗುಡಾಕ್ಟರು.

ಹೆಂಡತಿ ಬಂದ ಮೇಲೆ ಅವನು ಹಿಂದಿನ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲೊಂದು ಕುರ್ಚಿ ಹಾಕಿಸಿಕೊಟ್ಟ. ಕಿಟಕಿ ಇರಲಿಲ್ಲ. ಮೂಲೆಯಲ್ಲಿ ಗಾಳಿ ತುಂಬುವ ಯಂತ್ರ ಆಗಾಗ ಗುರ್ರೆಂದು ಎದ್ದು, ಮಾತಾಡುತ್ತಿದ್ದವರ ಮಾತನ್ನು ನುಂಗಿ, ಮತ್ತೆ ಸುಮ್ಮನಾಗುತ್ತಿತ್ತು. ಮುಂಗೋಣೆಯಲ್ಲಿ ಚೀಟಿ ಕೊಡುತ್ತಿದ್ದ ಹೆಂಗಸು ಬಂದವರನ್ನು ವಿಂಗಡಿಸುತ್ತಿದ್ದಳು: “ಹಲ್ಲಿಗಾದ್ರೆ ಇಲ್ಲೇ ಕೂತ್ಕೊಳ್ಳಿ. ಒಸಡಿಗಾದ್ರೆ ಒಳಗೆ ಹೋಗಿ, ಒಸಡಮ್ಮ ಇದಾರೆ.” ಹೆಸರು ಅಂಟಿಕೊಂಡಿತು. ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಆಮೇಲೆ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ತಡವಾಗುವಷ್ಟು ಒಗ್ಗಿಹೋಯಿತು.

ಒಸಡಮ್ಮನ ಕೆಲಸ ಕಣ್ಣಿನದಲ್ಲ, ಬೆರಳ ತುದಿಯದು. ಹಲ್ಲಿಗೂ ಒಸಡಿಗೂ ನಡುವೆ ಸಣ್ಣ ಕಡ್ಡಿಯಿಳಿಸಿ ಅದು ಎಷ್ಟು ಆಳಕ್ಕೆ ಹೋಗುತ್ತದೆಂದು ನೋಡುವುದು. ಸೂಜಿ ಚುಚ್ಚಿ ಒಸಡು ಮರಗಟ್ಟಿಸಿ, ಕಾಣದ ಬೇರಿನ ಮೇಲೆ ಕೊಳೆ ಗಟ್ಟಿಯಾಗಿ ಕೂತ ಕಲ್ಲನ್ನು ತಡಕಾಡಿ ಕೆರೆದು ತೆಗೆಯುವುದು. ಬೇರು ಗಾಜಿನಷ್ಟು ನುಣುಪಾಯಿತೆಂದು ಉಪಕರಣದ ತುದಿ ಹೇಳುವವರೆಗೂ ಬಿಡದಿರುವುದು. ಒಂದು ಬಾಯಿಗೆ ಹಲವು ಸಲ ಬರಬೇಕು. ಆಮೇಲೂ ಮೂರು ತಿಂಗಳಿಗೊಮ್ಮೆ ಬರುತ್ತಿರಬೇಕು. ಜನರಿಗೆ ಇದು ಹಿಡಿಸುತ್ತಿರಲಿಲ್ಲ. “ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ” ಎಂದು ಅರ್ಧಕ್ಕೆ ನಿಲ್ಲಿಸುವವರು, ಉಜ್ಜಿದಾಗ ರಕ್ತ ಬರುತ್ತದೆಂದು ಅಲ್ಲಿ ಉಜ್ಜುವುದನ್ನೇ ಬಿಟ್ಟವರು. ಅವಳು ಒಬ್ಬೊಬ್ಬರಿಗೂ ಕನ್ನಡಿ ಹಿಡಿದು ತೋರಿಸಿ ಹೇಳುತ್ತಿದ್ದಳು: ರಕ್ತ ಬರುವ ಕಡೆಯೇ ಮೆತ್ತಗೆ, ಹೆಚ್ಚು ಹೊತ್ತು ಉಜ್ಜಬೇಕು, ಹಲ್ಲಿನ ಬುಡದಲ್ಲಿ ಕೂತ ಕೊಳೆ ಒಳಗೊಳಗೇ ಮೂಳೆಯನ್ನು ಕರಗಿಸುತ್ತದೆ, ಕರಗಿದ್ದು ಮತ್ತೆ ಬೆಳೆಯುವುದು ಕಷ್ಟ, ಇರುವುದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ.

ಅವಳ ಮೊದಲ ಕಾಲದ ರೋಗಿಗಳಲ್ಲಿ ಬೀಗ ರಿಪೇರಿಯವನೊಬ್ಬನಿದ್ದ. ಎರಡು ಕೈಯೂ ಕೆಲಸದಲ್ಲಿರುವಾಗ ಬೀಗದ ಸ್ಪ್ರಿಂಗು, ಸಣ್ಣ ಕೀಲುಗಳನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಹಿಡಿಯುವುದು ಅವನ ಅಭ್ಯಾಸ. ಈಗ ಕಚ್ಚಿದರೆ ಹಲ್ಲೇ ವಾಲುತ್ತಿದ್ದವು. “ಕಿತ್ತು ಬಿಸಾಕಿ ಡಾಕ್ಟರಮ್ಮ, ಪೀಡೆ ಹೋಗ್ಲಿ,” ಎಂದಿದ್ದ. ಅವಳು ಕೀಳಲಿಲ್ಲ. ವಾರಕ್ಕೊಮ್ಮೆ ಕೂರಿಸಿ ಒಂದೊಂದೇ ಭಾಗ ಮಾಡಿದಳು. ಕಲ್ಲೆಲ್ಲ ಬಿದ್ದುಹೋಗಿ ಹಲ್ಲಿನ ನಡುವೆ ಸಂದು ಕಂಡಾಗ ಅವನು ಕೂಗಾಡಿದ.

“ಮೊದಲು ಸಂದಿ ಇರ್ಲಿಲ್ಲ! ನೀವೇ ಕೆರೆದು ಕೆರೆದು ಮಾಡಿದ್ರಿ!”

“ಅಲ್ಲಿ ಇದ್ದದ್ದು ನಿಮ್ಮ ಹಲ್ಲಲ್ಲಪ್ಪ, ಕಲ್ಲು. ನೀವು ಇಷ್ಟು ದಿನ ಕಲ್ಲನ್ನೇ ಹಲ್ಲು ಅಂದ್ಕೊಂಡಿದ್ರಿ,” ಎಂದು ಅವಳು ಸಂದಿನಲ್ಲಿ ತೂರಿಸುವ ಪುಟ್ಟ ಬ್ರಷ್ಷನ್ನು ಅವನ ಕೈಗಿಟ್ಟು ಕಲಿಸಿದಳು. ಬೈದುಕೊಂಡೇ ಕಲಿತ. ಕೆಲವು ತಿಂಗಳಲ್ಲಿ ಹಲ್ಲು ಬಿಗಿಯಾದವು. ಆಮೇಲೆ ಅವನು ವರ್ಷಗಟ್ಟಲೆ ತಪ್ಪದೆ ಬಂದ, ಬಂದಾಗಲೆಲ್ಲ ಬಾಯಿ ತೆರೆಯುವ ಮೊದಲು ಮುಂದಿನ ಹಲ್ಲನ್ನು ಬೆರಳಿಂದ ತಳ್ಳಿ, “ನೋಡಿ, ಕಲ್ಲುಗುಂಡು!” ಎನ್ನುತ್ತಿದ್ದ. ಹೊಗಳಿಕೆ ಎಂದು ಆ ಕೋಣೆಯೊಳಗೆ ಬಂದದ್ದು ಹೆಚ್ಚುಕಮ್ಮಿ ಅದೊಂದೇ.

ಗಂಡನ ಬಾಯಿಯ ವಿಷಯ ಅವಳಿಗೆ ತಿಳಿದದ್ದು ರಕ್ತದಿಂದಲ್ಲ, ವಾಸನೆಯಿಂದ. ಅವನು ಮಹಡಿಯ ಮೇಲೆ ನಿಂತು ಸಿಗರೇಟು ಸೇದುತ್ತಿದ್ದ. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ದಿನವಿಡೀ ಅವಳ ಮೂಗಿಗೆ ಬಡಿಯುತ್ತಿದ್ದದ್ದೇ, ಒಂದು ಬೆಳಿಗ್ಗೆ ದಿಂಬಿನ ಪಕ್ಕದಿಂದ ಬಂತು. ಆಮೇಲೆ ಅವಳು ಗಮನಿಸತೊಡಗಿದಳು. ಊಟ ಮಾಡುವಾಗ ಅವನು ತುತ್ತನ್ನು ಬಲಗಡೆಗೆ ತಳ್ಳುತ್ತಿದ್ದ. ಮೇಲಿನ ಮುಂದಿನ ಹಲ್ಲೊಂದು ಕೂದಲೆಳೆಯಷ್ಟು ಮುಂದೆ ಸರಿದಿತ್ತು.

“ಒಂದ್ಸಲ ನನ್ನ ಕುರ್ಚೀಲಿ ಕೂತ್ಕೊಳ್ಳಿ. ಸುಮ್ನೆ ನೋಡ್ತೀನಿ,” ಎಂದಳು.

“ಮನೇಲೂ ಅದೇ ರಾಗನಾ? ಒಂದು ಹನಿ ರಕ್ತ ಬಂದಿದ್ದು ನೋಡಿದೀಯಾ ನನ್ನ ಬಾಯಲ್ಲಿ?”

“ಸಿಗರೇಟು ಸೇದೋರಿಗೆ ರಕ್ತ ಬರಲ್ಲ. ನಿಮಗೆ ಗೊತ್ತಿಲ್ವಾ? ಮೇಲೆ ಚೆನ್ನಾಗೇ ಕಾಣುತ್ತೆ, ಒಳಗೆ ಹೋಗ್ತಾ ಇರುತ್ತೆ.”

ಅವನಿಗೆ ಗೊತ್ತಿತ್ತು. ಅವಳು ಓದಿದ ಪಾಠವನ್ನೇ ಅವನೂ ಓದಿದ್ದ. ಗೊತ್ತಿದ್ದದ್ದೇ ತೊಡಕಾಗಿತ್ತು. ಗೊತ್ತಿಲ್ಲದವನಿಗೆ ಹೇಳಿ ತಿಳಿಸಬಹುದು. ಅವನು ಅವಳ ಗಲ್ಲ ತಟ್ಟಿ, “ಹೆಂಡ್ತಿ ಮುಂದೆ ಅಂಗಾತ ಮಲಗಿ ಬಾಯಿ ಬಿಡ್ಬೇಕಾ ನಾನು? ಚೀಟಿಯಮ್ಮ ನೋಡಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಬಿಡು, ಬಿಡುವು ಮಾಡ್ಕೊಂಡು ನೋಡೋಣ,” ಎಂದು ಮಾತು ತೇಲಿಸಿದ. ಬಿಡುವು ಬರಲಿಲ್ಲ. ಕ್ಲಿನಿಕ್ ಮುಚ್ಚಿದ ಮೇಲೆ, ಯಾರೂ ಇಲ್ಲದಾಗ ಬನ್ನಿ ಎಂದಳು. ರಜೆಯ ದಿನ ಬನ್ನಿ ಎಂದಳು. ಒಮ್ಮೆ ಅತ್ತು ಕೇಳಿದಳು. ಅವನು ಅವಳ ಮಾತಿಗೆ ಸೊಪ್ಪು ಹಾಕಲಿಲ್ಲ.

ಅವನ ಬದಲು ಕೂತದ್ದು ಅವನ ತಾಯಿ. ಅತ್ತೆಯ ಒಸಡು ಊದಿ ಎರಡು ರಾತ್ರಿ ನಿದ್ದೆಯಿರಲಿಲ್ಲ. “ನನ್ನ ಒಂದು ಹಲ್ಲು ಬಿತ್ತೋ, ನಿನ್ನ ಜುಟ್ಟು ನನ್ನ ಕೈಲಿರುತ್ತೆ,” ಎಂದು ಎಚ್ಚರಿಸಿಯೇ ಕುರ್ಚಿ ಹತ್ತಿದರು. ಕುರ್ಚಿ ತಾನಾಗಿ ಹಿಂದಕ್ಕೆ ವಾಲಿದಾಗ “ಅಯ್ಯೋ, ಬೀಳ್ಸಿದಳು!” ಎಂದು ಕೂಗಿ ಮುಂಗೋಣೆಯವರನ್ನೆಲ್ಲ ಎಬ್ಬಿಸಿದರು. ಒಂದು ಹಲ್ಲೂ ಬೀಳಲಿಲ್ಲ. ಊತ ಇಳಿಯಿತು, ಒಸಡು ಗಟ್ಟಿಯಾಯಿತು. ಸೊಸೆ ದಿನಾ ಪಕ್ಕದಲ್ಲೇ ನಿಂತು ಉಜ್ಜಿಸಿದ್ದರಿಂದ ಆಮೇಲೂ ಹಾಗೇ ಉಳಿಯಿತು. ಮನೆಗೆ ಬಂದ ನೆಂಟರು ಈ ವಯಸ್ಸಿನಲ್ಲೂ ಹಲ್ಲು ಎಷ್ಟು ಚೆನ್ನಾಗಿವೆ ಎಂದರೆ ಅತ್ತೆ ತುಟಿ ಸರಿಸಿ ತೋರಿಸಿ, “ನಮ್ಮ ತವರಿನ ಕಡೆಯೋರದೆಲ್ಲ ಹೀಗೇ. ಹುಟ್ಟಾ ಗಟ್ಟಿ,” ಎನ್ನುತ್ತಿದ್ದರು. ಸೊಸೆ ನೆಂಟರಿಗೆ ಕಾಫಿ ಲೋಟ ಕೊಟ್ಟು ಒಳಗೆ ಹೋಗುತ್ತಿದ್ದಳು. ಮಗನ ವಿಷಯ ಎತ್ತಿದರೆ ಮಾತ್ರ ಅತ್ತೆಯ ಮುಖ ಗಂಟಾಗುತ್ತಿತ್ತು: “ಕಲಿತಿದ್ದನ್ನ ಗಂಡನ ಮೇಲೆ ತೋರಿಸ್ಬೇಡ ಕಣಮ್ಮ. ಅವನೂ ಡಾಕ್ಟ್ರೇ.”

ಮೂರು ನಾಲ್ಕು ವರ್ಷ ಕಳೆಯುವುದರಲ್ಲಿ ನಗುಡಾಕ್ಟರ ನಗು ಬದಲಾಯಿತು. ಮೊದಲಿನಂತೆ ಬಾಯಿತುಂಬ ನಗುತ್ತಿರಲಿಲ್ಲ. ತುಟಿ ಮುಚ್ಚಿಯೇ ನಕ್ಕು, ನಡುವೆ ಮೀಸೆ ಸವರುವವನಂತೆ ಕೈ ಅಡ್ಡ ಹಿಡಿಯುತ್ತಿದ್ದ. ಒಂದು ಸಂಜೆ ಪಕ್ಕದೂರಿಂದ ವಾಪಸಾದವನು ಊಟಕ್ಕೆ ಕೂತು ಹಾಯಾಗಿ ನಕ್ಕ. ಮುಂದಿನ ಹಲ್ಲುಗಳ ನಡುವೆ ಬಿಟ್ಟುಕೊಂಡಿದ್ದ ಸಂದು ಮಾಯವಾಗಿತ್ತು. ಅವನು ತಲೆ ಹಿಂದಕ್ಕೆ ಮಾಡಿ ನೀರು ಕುಡಿಯುವಾಗ ಅವಳಿಗೆ ಕಂಡಿತು: ಹಲ್ಲುಗಳ ಹಿಂಬದಿಗೆ ತಂತಿ ಅಂಟಿಸಿ, ಸಡಿಲವಾದದ್ದನ್ನು ಗಟ್ಟಿಯಾದದ್ದಕ್ಕೆ ಕಟ್ಟಿ, ಮೇಲೆ ಬಿಳಿ ಲೇಪ ಹಚ್ಚಲಾಗಿತ್ತು.

“ಯಾರ ಹತ್ರ ಮಾಡಿಸಿದ್ರಿ?”

“ಗೆಳೆಯ ಒಬ್ಬ ಇದಾನೆ. ಅರ್ಧ ಗಂಟೆ ಕೆಲಸ. ನಿನ್ನ ಹಾಗೆ ತಿಂಗಳಾನುಗಟ್ಟಲೆ ಕೆರೆಯಲ್ಲ ಅವನು.”

ಕಟ್ಟಿಸಿಕೊಳ್ಳುವುದು ತಪ್ಪಲ್ಲ, ಒಳಗಿನ ಕೊಳೆ ತೆಗೆಯದೆ ಕಟ್ಟಿದರೆ ಒಂದರ ಜೊತೆ ಎಲ್ಲವೂ ಹೋಗುತ್ತವೆ ಎಂದು ಹೇಳಲು ಅವಳು ಬಾಯಿ ತೆರೆದಳು. ಹೇಳಲಿಲ್ಲ. ಅಂಗಾತ ಮಲಗಿ ಬಾಯಿ ಬಿಡಬೇಕಾ ಎಂದು ಕೇಳಿದ್ದವನು ಪಕ್ಕದೂರಿನವನ ಮುಂದೆ ಮಲಗಿ ಬಾಯಿ ತೆರೆದು ಬಂದಿದ್ದ. ಅವಮಾನ ಇದ್ದದ್ದು ಕುರ್ಚಿಯಲ್ಲಲ್ಲ, ಹಾಗಾದರೆ. ಕುರ್ಚಿಯ ಪಕ್ಕ ನಿಂತವಳಲ್ಲಿ. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು.

ತಂತಿ ಹೆಚ್ಚು ಕಾಲ ತಾಳಲಿಲ್ಲ. ಸಮ್ಮೇಳನವಿದೆ ಎಂದು ಹೋದವನು ವಾರದ ಕೊನೆಗೆ ಊದಿದ ಮುಖ ಹೊತ್ತು ಬಂದ. ಮೇಲಿನ ಮುಂದಿನ ಹಲ್ಲುಗಳನ್ನೆಲ್ಲ ಕೀಳಿಸಿ, ಮೂಳೆಗೆ ಲೋಹದ ತಿರುಪು ಕೂರಿಸಿ, ಅದರ ಮೇಲೆ ಹೊಸ ಹಲ್ಲು ಹಾಕಿಸಿಕೊಂಡಿದ್ದ. ಊತ ಇಳಿದ ಮೇಲೆ ಕನ್ನಡಿಯ ಮುಂದೆ ನಿಂತು ಉಗುರಿನಿಂದ ಹಲ್ಲು ತಟ್ಟಿ ಅವಳಿಗೆ ಕೇಳಿಸಿದ. “ಲೋಹ ಕಣೇ. ಇದಕ್ಕೆ ನಿನ್ನ ರೋಗ ಹತ್ತಲ್ಲ.”

ಅವನ ಬಾಯಿಯ ರೋಗ ಅದು ಯಾವಾಗ ತನ್ನದಾಯಿತು ಎಂದು ಅವಳಿಗೆ ತಿಳಿಯಲಿಲ್ಲ. “ತಿರುಪಿನ ಸುತ್ತ ಇರೋದೂ ಅದೇ ಒಸಡು, ಅದೇ ಮೂಳೆ. ಸಿಗರೇಟು ಬಿಡಿ. ದಿನಾ ಸುತ್ತ ಕ್ಲೀನ್ ಮಾಡ್ಕೊಳ್ಳಿ,” ಎಂದಳು ಕೊನೆಯ ಸಲವೆಂಬಂತೆ. ಅವನು ಹೊಸ ಹಲ್ಲು ತೋರಿಸಿ ನಕ್ಕ.

ಕ್ಲಿನಿಕ್‌ನ ಗಾಳಿಯೂ ಅಲ್ಲಿಂದಾಚೆ ಬದಲಾಯಿತು. “ಯಾಕೆ ವರ್ಷಗಟ್ಟಲೆ ಒದ್ದಾಡ್ತೀರಿ? ತೆಗೆದು ಹೊಸದು ಹಾಕೋಣ. ನನ್ನನ್ನೇ ನೋಡಿ,” ಎಂದು ಅವನು ಬಂದವರಿಗೆಲ್ಲ ಹಲ್ಲು ಕಿರಿದು ತೋರಿಸುತ್ತಿದ್ದ. ಹೊಸ ಹಲ್ಲಿನಿಂದ ಬರುವ ಲಾಭ ಇತ್ತು, ನಿಜ. ಆದರೆ ಒಸಡಮ್ಮನಿಗೆ ಅನ್ನಿಸಿದ್ದು ಬೇರೆ. ತಾನು ಕೀಳಿಸಿಕೊಂಡದ್ದೇ ಸರಿ ಎನ್ನಿಸಿಕೊಳ್ಳಲು ಅವನಿಗೆ ಊರಿನ ಬಾಯಿಗಳೆಲ್ಲ ಸಾಕ್ಷಿ ಬೇಕಾಗಿದ್ದವು. ಹಿಂಗೋಣೆಗೆ ಬರುವವರು ಕಡಿಮೆಯಾದರು. ಅವಳು ಖಾಲಿ ಹೊತ್ತಿನಲ್ಲಿ ಕೂತು ಉಪಕರಣಗಳ ಬಾಯಿಗೆ ಸಾಣೆ ಹಿಡಿಯುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಗೋಡೆಯಾಚೆ ಸ್ಟೀಲಿನ ತಟ್ಟೆಗೆ ಹಲ್ಲು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು. ಹತ್ತಿ ತರುವ ನೆಪದಲ್ಲಿ ಎದ್ದು ಗಂಡನ ಕೋಣೆಗೆ ಹೋದಳು. ಕುರ್ಚಿಯಲ್ಲಿ ಬೀಗದವನು ಮಲಗಿದ್ದ. ಪಕ್ಕದ ತಟ್ಟೆಯಲ್ಲಿ ಅವನ ಮುಂದಿನ ಹಲ್ಲುಗಳು. ವರ್ಷಗಟ್ಟಲೆ ಬೆರಳ ತುದಿಯಿಂದಷ್ಟೇ ಬಲ್ಲ ಆ ಬೇರುಗಳನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಒಂದು ಚೂರೂ ಕಲ್ಲಿಲ್ಲದೆ ನುಣ್ಣಗಿದ್ದವು. ಒಂದರ ತುದಿಗೆ ಮೂಳೆಯ ಚಕ್ಕೆ ಅಂಟಿಕೊಂಡೇ ಬಂದಿತ್ತು. ಅಷ್ಟು ಬಿಗಿಯಾಗಿದ್ದದ್ದನ್ನು ಕಿತ್ತಿದ್ದ.

“ಇವು ಅಲ್ಲಾಡ್ತಾ ಇರ್ಲಿಲ್ಲವಲ್ಲ,” ಎಂದಳು.

“ಮುಂದೆ ಅಲ್ಲಾಡ್ತಿದ್ವು,” ಎಂದ ಗಂಡ, ಕೈಗವಸು ಬಿಚ್ಚುತ್ತ.

ಬೀಗದವನು ಹತ್ತಿ ಕಚ್ಚಿಕೊಂಡೇ ತೊದಲಿದ: “ನೀವೇ ಹೇಳಿದ್ರಂತಲ್ಲ ಡಾಕ್ಟರಮ್ಮ, ಇನ್ನು ಇವು ಉಳಿಯಲ್ಲ, ತೆಗೆಸ್ಬಿಡಿ ಅಂತ? ನೀವು ಹೇಳಿದ್ಮೇಲೆ ಇನ್ನೇನು ಅಂತ ಕೂತೆ.”

ಅವಳು ಗಂಡನ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದ, ಎಂದಿಗಿಂತ ಹೆಚ್ಚು ಸೋಪು ಹಚ್ಚಿ. ಹೇಳಲಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಕಿತ್ತ ಹಲ್ಲು ತಟ್ಟೆಯಲ್ಲಿರುವಾಗ ಆ ಮನುಷ್ಯನಿಗೆ ನಿಜ ಹೇಳಿ ಆಗಬೇಕಾದದ್ದೇನು? “ಹತ್ತಿ ಗಟ್ಟಿಯಾಗಿ ಕಚ್ಕೊಳ್ಳಿ. ಮಾತಾಡ್ಬೇಡಿ,” ಎಂದಳು, ಮತ್ತು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಳು.

ಮನೆಯಲ್ಲಿ ಕೇಳಿದಳು: “ಕಿತ್ತಿದ್ದು ಕಿತ್ತಿರಿ. ನನ್ನ ಹೆಸರು ಯಾಕೆ ಹೇಳಿದ್ರಿ?”

“ನಿನ್ನ ಮಾತಂದ್ರೆ ಅವನಿಗೆ ವೇದವಾಕ್ಯ. ನಾನು ಹೇಳಿದ್ರೆ ಒಪ್ತಿರ್ಲಿಲ್ಲ,” ಎಂದ ಅವನು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ.

ಅವಳು ತನ್ನ ಉಪಕರಣಗಳನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಕ್ಲಿನಿಕ್ ಬಿಟ್ಟಳು. ಮನೆ ಬಿಡಲಿಲ್ಲ; ಬಿಟ್ಟು ಹೋಗುವ ಛಾತಿಯಾಗಲಿ, ಹೋಗಿ ನಿಲ್ಲುವ ಜಾಗವಾಗಲಿ ಅವಳಿಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಒಂದು ಧರ್ಮಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಿಟಕಿಯಿತ್ತು, ಹೊರಗೆ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚು ತುಂಬಿರುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಹಲ್ಲು ಉಳಿಯುವ ಹಂತ ದಾಟಿ ಬಂದವರು. ಅವಳು ಜೀವಮಾನದಲ್ಲಿ ಕೀಳದಷ್ಟು ಹಲ್ಲನ್ನು ಅಲ್ಲಿ ಕಿತ್ತಳು. ಉಳಿಸಬಹುದಾದವರನ್ನು ಮೂರು ತಿಂಗಳಿಗೆ ಬನ್ನಿ ಎಂದರೆ ಒಂದು ಹೊತ್ತಿನ ಕೂಲಿ ಬಿಟ್ಟು ಬರಲು ಅವರಿಗಾಗುತ್ತಿರಲಿಲ್ಲ. ತಪ್ಪು ಯಾರದೆಂದು ಬೈಯುವುದಕ್ಕೂ ಅಲ್ಲಿ ಯಾರೂ ಸಿಗುತ್ತಿರಲಿಲ್ಲ.

ಲೋಹಕ್ಕೂ ಕಾಲ ಬಂತು. ಒಂದು ದಿನ ಬೆಂಚಿನ ಕೊನೆಯಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತವನೊಬ್ಬನನ್ನು “ಮುಂದಿನೋರು ಬನ್ನಿ” ಎಂದು ಕರೆದಾಗ ಎದ್ದು ಬಂದವನು ಅವಳ ಗಂಡ. ಮನೆಯಲ್ಲಿ ಬೆಳಿಗ್ಗೆ ಎದುರಿಗೇ ಕೂತು ಕಾಫಿ ಕುಡಿದಿದ್ದ; ಏನೂ ಹೇಳಿರಲಿಲ್ಲ. ಈಗ ಅವನು ಕುರ್ಚಿಯಲ್ಲಿ ಮಲಗಿದ, ಕಣ್ಣು ಮುಚ್ಚಿ ಬಾಯಿ ತೆರೆದ. ತಿರುಪುಗಳ ಸುತ್ತ ಒಸಡು ಕೆಂಪೇರಿ ಒತ್ತಿದರೆ ಕೀವು ಬರುತ್ತಿತ್ತು. ಅವಳು ಮರಗಟ್ಟಿಸಿ, ಗಾಯ ತೊಳೆದು, ಬೇರೆಯವರಿಗೆ ಮಾಡಿದಷ್ಟೇ ನಿಧಾನವಾಗಿ ಮಾಡಿದಳು.

“ಉಳಿಯುತ್ತಾ?”

“ಒಂದೆರಡು ಉಳಿಯಬಹುದು. ಸಿಗರೇಟು ನಿಲ್ಲಿಸಿದ್ರೆ. ನಾನು ಹೇಳಿದ ಹಾಗೆ ದಿನಾ ಕ್ಲೀನ್ ಮಾಡಿದ್ರೆ.”

ಅವನು ಎರಡು ಸಲ ಬಂದ. ಬಾವು ಇಳಿಯಿತು. ಮೂರನೆಯ ಸಲ ಬರಲಿಲ್ಲ. ಮನೆಯ ಮಹಡಿಯ ಮೇಲಿಂದ ಹೊಗೆಯ ವಾಸನೆ ಎಂದಿನಂತೆ ಕೆಳಗಿಳಿಯುತ್ತಿತ್ತು. ವರ್ಷ ಕಳೆಯುವುದರಲ್ಲಿ ತಿರುಪುಗಳು ಒಂದೊಂದಾಗಿ ಸಡಿಲಗೊಂಡು ಬಂದವು. ಹೊಸದು ಕೂರಿಸಲು ಮೂಳೆಯೇ ಉಳಿದಿರಲಿಲ್ಲ. ಉಳಿದ ಹಲ್ಲುಗಳೂ ಅದೇ ದಾರಿ ಹಿಡಿದವು. ಹಾಕಿ ತೆಗೆಯುವ ಸೆಟ್ಟು ಮಾಡಿಸಿಕೊಂಡ. ಚಪ್ಪಟೆಯಾದ ಒಸಡಿನ ಮೇಲೆ ಅದು ನಿಲ್ಲದೆ, ಮಾತಾಡುವಾಗ ಜಾರಿ ಟಕ್ ಎನ್ನುತ್ತಿತ್ತು. ನಗುಡಾಕ್ಟರ ಕುರ್ಚಿಯಲ್ಲಿ ಕೂರಲು ಜನ ಹಿಂಜರಿದರು. ಕ್ಲಿನಿಕ್ಕನ್ನು ಹೊಸದಾಗಿ ಓದಿ ಬಂದ ಜೋಡಿಯೊಂದಕ್ಕೆ ವಹಿಸಿಕೊಟ್ಟು ಅವನು ಮನೆ ಸೇರಿದ.

ಊರಿನ ಬಾಯಿ ಮಾತ್ರ ಅವಳನ್ನೇ ಹಿಡಿಯಿತು. “ಹೆಂಡ್ತಿ ಒಸಡಿನ ಡಾಕ್ಟ್ರಂತೆ. ಗಂಡನ ಬಾಯಿ ನೋಡಿ,” ಎಂದು ಔಷಧಿ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದದ್ದು ಅವಳ ಕಿವಿಗೂ ಬಿತ್ತು. ಅತ್ತೆ ನೆಂಟರ ಮುಂದೆ ಕಣ್ಣೊರೆಸಿಕೊಂಡು, “ಊರೋರಿಗೆಲ್ಲ ಮಾಡಿದಳು, ನನ್ನ ಮಗನೊಬ್ಬನಿಗೆ ಮಾಡ್ಲಿಲ್ಲ,” ಎಂದರು. ಅವರ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಗಂಡ ಪಕ್ಕದಲ್ಲೇ ಕೂತಿದ್ದ. ಇಲ್ಲಮ್ಮ, ನಾನೇ ಮಾಡಿಸ್ಕೊಳ್ಳಲಿಲ್ಲ ಎಂದು ಅವನು ಹೇಳುತ್ತಾನೇನೋ ಎಂದು ಅವಳು ಒಂದು ಕ್ಷಣ ಕಾದಳು. ಅವನು ಪೇಪರಿನ ಪುಟ ತಿರುಗಿಸಿದ.

ಇದಾಗಿ ಎಷ್ಟೋ ದಿನಗಳ ಮೇಲೆ ಒಂದು ಸಂಜೆ, ಅವಳು ಆಸ್ಪತ್ರೆಯಿಂದ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ, ಅವನು ಬಂದು ಮೇಜಿನ ಪಕ್ಕ ಕೂತ. ಸೆಟ್ಟನ್ನು ತೆಗೆದು ಕೋಣೆಯಲ್ಲಿಟ್ಟು ಬಂದಿದ್ದ. ಕೆನ್ನೆ ಒಳಗೆ ಹೋಗಿ ಬೇರೆ ಯಾರೋ ಎನ್ನುವಂತಿತ್ತು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಅದು ಮೆತ್ತಗಾಗುವುದನ್ನು ನೋಡುತ್ತ ಕೂತಿದ್ದವನು ತಲೆಯೆತ್ತದೆ ಕೇಳಿದ:

“ನೀನು ಮೊದಲನೇ ಸಲ ಕರೆದಾಗಲೇ ಕೂತಿದ್ದಿದ್ರೆ, ಉಳೀತಿದ್ವಾ?”

ಧರ್ಮಾಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ದಿನಕ್ಕೊಬ್ಬರು ಕೇಳುತ್ತಿದ್ದರು. ಅವಳು ಯಾರಿಗೂ ನಿಜ ಹೇಳುತ್ತಿರಲಿಲ್ಲ. ಕೆಲವರ ಮೈಗುಣ ಹಾಗಿರುತ್ತದೆ, ನಿಮ್ಮ ತಪ್ಪೇನಿಲ್ಲ, ಬಿಡಿ ಎಂದು ಬೆನ್ನು ಸವರಿ ಕಳಿಸುತ್ತಿದ್ದಳು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಚಾಕು ಕೆಳಗಿಟ್ಟು ಅವನನ್ನು ನೋಡಿದಳು.

“ಉಳೀತಿದ್ವು,” ಎಂದಳು. “ಮುಂದಿನವು ಎಲ್ಲಾನೂ ಉಳೀತಿದ್ವು.”

ಅವನು ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋದ. ಅವಳಿಗೆ ಮನಸ್ಸು ಹಗುರವಾಗಬಹುದು ಎನ್ನಿಸಿತ್ತು, ಆಗಲಿಲ್ಲ. ಅವನು ಬಿಟ್ಟುಹೋದ ಹಾಲನ್ನು ಇನ್ನೊಮ್ಮೆ ಬಿಸಿ ಮಾಡಿ ಮುಚ್ಚಿಟ್ಟು, ಉಳಿದ ತರಕಾರಿ ಹೆಚ್ಚಲು ಕೂತಳು.